ಜಮಾ–ಖರ್ಚು ದೊಡ್ಡಪ್ಪ

ದೊಡ್ಡಪ್ಪ ಸಹಕಾರ ಇಲಾಖೆಯಲ್ಲಿ ಆಡಿಟರ್ ಆಗಿದ್ದವರು. ನಿವೃತ್ತರಾಗಿ ಹದಿನೈದು ವರ್ಷವಾದರೂ ಅವರ ಕೆಂಪು ಶಾಯಿ ಒಣಗಿಲ್ಲ. ಕೊತ್ತಂಬರಿ ಕಟ್ಟು ಸಣ್ಣದಾದರೂ ಆಕ್ಷೇಪಣೆ ಎತ್ತುತ್ತಾರೆ. ಇಂಥವರನ್ನು ಡಬ್ಲಿನ್‌ನಲ್ಲಿರುವ ಮಗಳು, ಡಿಸೆಂಬರಿಗೆ ಹೆರಿಗೆ, ಬಾಣಂತನಕ್ಕೆ ಇಬ್ಬರೂ ಬನ್ನಿ ಎಂದು ಕರೆದಳು. ಅದು 2025ರ ಜುಲೈ. ಅದೇ ತಿಂಗಳು ಡಬ್ಲಿನ್ನಿನ ಟಾಲಾದಲ್ಲಿ ನಮ್ಮವರೊಬ್ಬರನ್ನು ಗುಂಪೊಂದು ಹೊಡೆದು ಬಟ್ಟೆ ಕಿತ್ತ ಸುದ್ದಿ ಬಂತು.

ಹೋಗುವುದೋ ಬೇಡವೋ ಎಂದು ಕುವೆಂಪುನಗರದ ಮನೆಯ ವರಾಂಡದಲ್ಲಿ ಹೊಸ ಲೆಕ್ಕದ ಪುಸ್ತಕ ತೆರೆಯಿತು. ಎಡಕ್ಕೆ ಜಮಾ, ಬಲಕ್ಕೆ ಖರ್ಚು.

ವರಾಡ್ಕರ್ ಮೊದಲು ಜಮಾಕ್ಕೆ ಬಿದ್ದರು. "ಅಪ್ಪ ಮುಂಬೈಯವರು ಕಣೋ, ಮಗ ಅಲ್ಲಿ ಪ್ರಧಾನಿ!" 2024ರಲ್ಲೇ ರಾಜೀನಾಮೆ ಕೊಟ್ಟರಲ್ಲ ಎಂದೆ. ವರಾಡ್ಕರ್ ಬಲಕ್ಕೆ ವರ್ಗವಾದರು. ಅಲ್ಲಿನ ಪೊಲೀಸರು, ಗಾರ್ಡಾ ಎನ್ನುತ್ತಾರೆ, ಸಾಮಾನ್ಯವಾಗಿ ಬಂದೂಕು ಹಿಡಿಯುವುದಿಲ್ಲ. ಶಾಂತ ದೇಶವೆಂದು ಜಮಾಕ್ಕೆ ಹಾಕುವುದೋ, ಬರಿಗೈಯಲ್ಲಿ ಬಂದು ಏನು ಮಾಡಿಯಾರೆಂದು ಖರ್ಚಿಗೋ? ಎರಡು ದಿನ ಪೆನ್ನು ಅಂತರದಲ್ಲಿತ್ತು. ಆಪತ್ತಿಗೆ ಅಲ್ಲೂ 112, ಇಲ್ಲೂ 112 ಎಂದು ತಿಳಿದಾಗ ಮಾತ್ರ ಹಳೆಯ ನೆಂಟರು ಸಿಕ್ಕಂತೆ ಹಿಗ್ಗಿದರು.

ಆಗಸ್ಟ್ 1ರಂದು ನಮ್ಮ ರಾಯಭಾರ ಕಚೇರಿ, ಅವೇಳೆಯಲ್ಲಿ ನಿರ್ಜನ ಜಾಗಗಳಿಗೆ ಹೋಗಬೇಡಿ ಎಂದು ಸೂಚನೆ ಕೊಟ್ಟಿತು. ದೊಡ್ಡಪ್ಪ ಅದನ್ನು ಸುತ್ತೋಲೆಯಂತೆ ಓದಿದರು. "ಡಿಸೆಂಬರಿನಲ್ಲಿ ನಾಲ್ಕೂಕಾಲಿಗೆಲ್ಲ ಅಲ್ಲಿ ಕತ್ತಲಂತೆ. ಹಾಗಾದ್ರೆ ಅವೇಳೆ ಶುರುವಾಗೋದು ಎಷ್ಟು ಗಂಟೆಗೆ?"

"ನೀವು ಎಂಟಕ್ಕೆ ಗೊರಕೆ ಹೊಡೀತೀರಿ, ನಿಮಗ್ಯಾಕೆ ಅವೇಳೆ?" ಎಂದರು ದೊಡ್ಡಮ್ಮ. ಅವರ ತೀರ್ಮಾನ ಮಗಳ ಫೋನು ಬಂದ ದಿನವೇ ಆಗಿತ್ತು. ಶುಂಠಿ, ಹಿಪ್ಪಲಿ ಹುರಿದು ಪುಡಿಯಾಗಿದ್ದವು. ಅಂಟಿನುಂಡೆಗೆ ಕೊಬ್ಬರಿ ತುರಿಯುತ್ತಿದ್ದರು.

ಐರ್ಲೆಂಡಿನ ಆಗಿನ ಅಧ್ಯಕ್ಷ ಹಿಗ್ಗಿನ್ಸ್ ಇಂಥ ದಾಳಿಗಳನ್ನು ಖಂಡಿಸಿ, ಅಲ್ಲಿನ ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮವರನ್ನು ನೆನೆದ ದಿನ ಜಮಾ ಉಬ್ಬಿತು. ಫೀನಿಕ್ಸ್ ಪಾರ್ಕಿನ ಭಾರತ ದಿನಾಚರಣೆ ಮುಂದಕ್ಕೆ ಹೋಯಿತೆಂದಾಗ ಇಳಿಯಿತು. ಕಡೆಗೆ ಮಗಳನ್ನೇ ಕೇಳಿದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಯವೇ ಇಲ್ಲ ಅಂತಲ್ಲ ಅಪ್ಪ. ಬಸ್ಸಲ್ಲಿ ನಿಮ್ಮ ಫೋನ್ ಬಂದ್ರೆ ಈಗೀಗ ಎತ್ತಲ್ಲ, ಕನ್ನಡದಲ್ಲಿ ಮಾತಾಡಬೇಕಾಗುತ್ತೆ ಅಂತ" ಎಂದಳು.

ಅದನ್ನು ಅವರು ಯಾವ ಕಡೆಗೂ ಬರೆಯಲಿಲ್ಲ. ಪುಸ್ತಕ ಮುಚ್ಚಿ, "ಟಿಕೆಟ್ ನೋಡೋ" ಎಂದರು.

ವೀಸಾ ಅರ್ಜಿ ತೆಗೆದಾಗ ದೊಡ್ಡಪ್ಪನ ಮುಖದ ಬಣ್ಣ ಬದಲಾಯಿತು. ಆರು ತಿಂಗಳ ಬ್ಯಾಂಕ್ ಲೆಕ್ಕ ಕೊಡಬೇಕು, ಯಾರ ಮನೆಯಲ್ಲಿ ಎಷ್ಟು ದಿನ ಇರುತ್ತೀರಿ ತಿಳಿಸಬೇಕು, ವಾಪಸು ಬರುತ್ತೇವೆಂಬುದಕ್ಕೆ ಪುರಾವೆ ಬೇಕು. ಐರ್ಲೆಂಡ್ ತಮಗೆ ತಕ್ಕುದೋ ಎಂದು ತಿಂಗಳುಗಟ್ಟಲೆ ತೂಗಿದವರು, ತಾವು ಐರ್ಲೆಂಡಿಗೆ ತಕ್ಕವರೆಂದು ತೋರಿಸಲು ಪಿಂಚಣಿ ಪುಸ್ತಕ, ಮನೆಯ ಕಂದಾಯದ ರಸೀದಿ ಹುಡುಕಿ ಬೆವೆತರು.

"ಯಾವೂರು, ಏನು ಕೆಲಸ, ಎಷ್ಟು ದಿನ, ದುಡ್ಡೆಷ್ಟಿದೆ... ಬಾಡಿಗೆಗೆ ಬಂದೋರನ್ನ ಕೇಳಿದ ಹಾಗೆ ಕೇಳ್ತಾರಲ್ಲೋ!"

ಮಹಡಿ ಮನೆ ಯುಗಾದಿಯಿಂದ ಖಾಲಿ. ಮಣಿಪುರದ ಹುಡುಗರಿಬ್ಬರು ಬಂದು ಗೇಟಿನಿಂದಲೇ ಹಿಂತಿರುಗಿದ್ದರು.

"ಮೀನು ತಿಂತೀರಾ ಅಂತ ಕೇಳಿಲ್ವಲ್ಲ, ಪುಣ್ಯ" ಎಂದರು ದೊಡ್ಡಮ್ಮ, ಉಂಡೆ ಕಟ್ಟುತ್ತ.