ಐವತ್ತಕ್ಕೆ ಹನ್ನೆರಡು

ಪಿಯು ತರಗತಿಯಲ್ಲಿ ಕನ್ನಡ ಮೇಷ್ಟ್ರು ಬೋರ್ಡಿನ ಮೇಲೆ ‘ತತ್ಪುರುಷ ಸಮಾಸ’ ಅಂತ ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದಿರುತ್ತದೆ: “ಸಾರ್, ಇದು ಸಿಇಟಿಗೆ ಬರುತ್ತಾ?”

ಬರೋದಿಲ್ಲ. ಅದು ಮೇಷ್ಟ್ರಿಗೂ ಗೊತ್ತು. ಕನ್ನಡ ಪಠ್ಯದ ಮರೆಯಲ್ಲಿ ಫಿಸಿಕ್ಸ್ ಗೈಡು ತೆರೆದಿರುವುದೂ ಗೊತ್ತು. ಗೊತ್ತಿಲ್ಲದವರಂತೆ ಇರುವುದಕ್ಕೇ ಅವರಿಗೆ ಸಂಬಳ.

ಸಿಇಟಿಯಲ್ಲಿ ಭೌತ, ರಸಾಯನ, ಗಣಿತ, ಜೀವಶಾಸ್ತ್ರಕ್ಕೆ ತಲಾ 60 ಅಂಕ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕಗಳೂ ಅರ್ಧ ಸೇರುತ್ತವೆ, ಆದರೆ ವಿಜ್ಞಾನ-ಗಣಿತದವು ಮಾತ್ರ. ಕನ್ನಡದಲ್ಲಿ ನೂರಕ್ಕೆ ನೂರು ತೆಗೆದವನೂ ಒಂದೇ, ತೆವಳಿಕೊಂಡು ಪಾಸಾದವನೂ ಒಂದೇ. ಚಳ್ಳಕೆರೆಯ ಕುದಾಪುರಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಬಂದ ಮೇಲಂತೂ ಶೇಂಗಾ ಬೆಳೆಯುವ ಅಪ್ಪನ ಲೆಕ್ಕದಲ್ಲಿ ಸಮಾಸಕ್ಕೆ ಬೆಂಬಲ ಬೆಲೆಯೇ ಇಲ್ಲ.

ಹಾಗಂತ ಸರ್ಕಾರ ಕನ್ನಡವನ್ನು ಕೈಬಿಟ್ಟಿದೆ ಅಂದರೆ ನಾಲಿಗೆ ಬಿದ್ದೀತು! ಸಿಇಟಿ ಜೊತೆಗೆ ಒಂದು ಕನ್ನಡ ಪರೀಕ್ಷೆಯೂ ಉಂಟು. ಹೊರನಾಡು, ಗಡಿನಾಡು ಕನ್ನಡಿಗರ ಮಕ್ಕಳಿಗೆ. ಮಲಯಾಳ, ತೆಲುಗು, ಮರಾಠಿಗಳ ನಡುವೆ ಹಟ ಹಿಡಿದು ಮನೆಯಲ್ಲಿ ಕನ್ನಡ ಉಳಿಸಿಕೊಂಡವರು ಸೀಟು ಕೇಳಿಕೊಂಡು ಬಂದರೆ ಪರೀಕ್ಷಾ ಪ್ರಾಧಿಕಾರ ಕನ್ನಡಕ ಏರಿಸಿ ಕೇಳುತ್ತದೆ: ಎಲ್ಲಿ, ಬರೆದು ತೋರಿಸು. 50ಕ್ಕೆ 12 ಬಂದರೆ ಕನ್ನಡಿಗ. ರೂಪಾಯಿಗೆ ನಾಲ್ಕಾಣೆಯೂ ಆಗಲಿಲ್ಲ. ಒಳನಾಡಿನವನಿಗೆ ಈ ಕಾಟವಿಲ್ಲ. ಏಳು ವರ್ಷ ಇಲ್ಲೇ ಓದಿದ ಸರ್ಟಿಫಿಕೇಟಿಗೆ ಬಿಇಒ ರುಜು ಬಿದ್ದರೆ ಸಾಕು. ಕನ್ನಡ ಉಳಿಸಿಕೊಂಡವನಿಗೆ ಪರೀಕ್ಷೆ, ಮರೆತವನಿಗೆ ವಿನಾಯಿತಿ.

ನೆಲದ ಮಾತು ಲೆಕ್ಕಕ್ಕಿಲ್ಲದಿರುವುದು ಮೊಳಕಾಲ್ಮುರಿನವರಿಗೆ ಹೊಸದೇನಲ್ಲ ಬಿಡಿ. 1892ರಲ್ಲಿ ಬಿ.ಎಲ್. ರೈಸ್ ಆ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಪತ್ತೆ ಹಚ್ಚಿದ ಅಶೋಕನ ಶಾಸನ ನೋಡಿ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಸುತ್ತೋಲೆ ಅದು, ಪ್ರಾಕೃತದಲ್ಲಿ. ತಂದೆ ತಾಯಿಯ ಮಾತು ಕೇಳು, ಶಿಷ್ಯನಾದವನು ಗುರುವನ್ನು ಗೌರವಿಸು ಎಂಬ ಉಪದೇಶ. ಬಂಡೆಯ ಮೇಲೆ ಇದನ್ನು ಬರೆದ ಚಪಡ, ಕೊನೆಯಲ್ಲಿ ತಾನು ಲಿಪಿಕಾರ ಎನ್ನುವುದನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿಹೋದ. ಓದುವವರು ಇಲ್ಲಿ ಯಾರಿದ್ದರೋ! ನಿನಗೆ ಈ ನೆಲದ ಮಾತು ಬರುತ್ತದೆಯೇನಪ್ಪಾ ಅಂತ ಅವನನ್ನು ಯಾರೂ ಕೇಳಿರಲಿಕ್ಕಿಲ್ಲ. ವಿಧಾನಸೌಧದ ಫೈಲುಗಳ ಮೇಲೆ ಇಂಗ್ಲಿಷಿನಲ್ಲಿ ಷರಾ ಬರೆಯುವವರ ಕುಲಕ್ಕೆ ಅವನನ್ನು ಮೂಲಪುರುಷ ಎನ್ನಬಹುದು.

ನನ್ನದೊಂದು ಸಲಹೆ. ಆ 50 ಅಂಕದ ಪತ್ರಿಕೆಯನ್ನು ಒಳನಾಡಿನ ಮಕ್ಕಳಿಗೂ ಕೊಡಿ, ಅಂಕಗಳನ್ನು ರ‍್ಯಾಂಕಿಗೆ ಸೇರಿಸಿ. ಮರುದಿನ ಬೆಳಗಾಗುವುದರೊಳಗೆ ಅಪ್ಪಂದಿರು ಫೀಸು ಹಿಡಿದು ಕ್ಯೂ ನಿಂತಿರುತ್ತಾರೆ. ಚಳ್ಳಕೆರೆ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸು ಎದ್ದಿರುತ್ತದೆ: “ಹತ್ತೇ ದಿನದಲ್ಲಿ ಸಂಧಿ, ಸಮಾಸ, ವಿಭಕ್ತಿ. ಎಸಿ ಹಾಸ್ಟೆಲ್ ಇದೆ. ಬೋಧನಾ ಮಾಧ್ಯಮ: ಇಂಗ್ಲಿಷ್.”