ಫ್ಯಾಮಿಲಿಗೆ ಮಾತ್ರ

ಬೆಂಗಳೂರಿನ ಗೇಟುಗಳಿಗೆ ತೂಗುಹಾಕಿರುವ ‘ಮನೆ ಬಾಡಿಗೆಗೆ ಇದೆ, ಫ್ಯಾಮಿಲಿಗೆ ಮಾತ್ರ’ ಎಂಬ ಬೋರ್ಡು ನೋಡಿ ಸಂಸಾರಸ್ಥರು ಹಿಗ್ಗಬಾರದು. ಬ್ರಹ್ಮಚಾರಿಗಳನ್ನು ಗೇಟಿನಾಚೆಯೇ ಸಾಗಹಾಕುತ್ತಾರೆ, ಸಂಸಾರಸ್ಥರನ್ನು ಒಳಗೆ ಕರೆದು ಕೂರಿಸಿ ಸಾಗಹಾಕುತ್ತಾರೆ, ಅಷ್ಟೇ ವ್ಯತ್ಯಾಸ. ಓನರುಗಳಿಗೆ ಫ್ಯಾಮಿಲಿ ಬೇಕು, ಸುಳ್ಳಲ್ಲ. ಆದರೆ ಅದರಲ್ಲಿ ಜನ ಇರಬಾರದು.

ನಮ್ಮ ಷಡ್ಡಕರಿಗೆ ಕಳೆದ ಬೇಸಿಗೆಯಲ್ಲಿ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ದಾವಣಗೆರೆಯಲ್ಲಿ ಏಳು ಸಾವಿರಕ್ಕೆ ಎರಡು ಬೆಡ್‌ರೂಮು, ಹಿತ್ತಲು, ಹಿತ್ತಲಲ್ಲಿ ಕರಿಬೇವಿನ ಗಿಡ ಅನುಭವಿಸಿದ ಮನುಷ್ಯ. ‘ಹೆಚ್ಚೇನಿಲ್ಲರೀ, ಹತ್ತು ಸಾವಿರದೊಳಗೆ ಗಾಳಿ ಬೆಳಕು ಇರೋ ಮನೆ ಒಂದು ನೋಡಿ’ ಎಂದು ಫೋನು ಮಾಡಿದರು. ಈ ಊರಲ್ಲಿ ಗಾಳಿಗೆ ಬೇರೆ ರೇಟು, ಬೆಳಕಿಗೆ ಬೇರೆ ರೇಟು ಎಂದು ಹೇಳುವ ಧೈರ್ಯ ಸಾಲದೆ, ‘ಬನ್ನಿ, ನೋಡೋಣ’ ಎಂದೆ.

ದಾಸರಹಳ್ಳಿಯ ಒಂದು ಎರಡನೇ ಮಹಡಿ. ಹದಿನೈದು ಸಾವಿರ. ಓನರಮ್ಮ ಕೆಳಗಡೆ ಮೊರದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು.

‘ಎಷ್ಟು ಜನ?’

‘ನಾವಿಬ್ರು, ಮಕ್ಕಳಿಬ್ರು, ನಮ್ಮ ತಾಯಿ.’

‘ಅಯ್ಯೋ, ಐದು ಜನಾನಾ! ಸಣ್ಣ ಫ್ಯಾಮಿಲಿ ಅಂತ ಬರೆಸಿ ಅಂದಿದ್ದೆ, ನಮ್ಮೋರು ಮರೆತಿದಾರೆ. ಮಕ್ಕಳು ಗೋಡೆ ಮೇಲೆ ಬರೀತಾರಾ?’

‘ಪುಸ್ತಕದಲ್ಲೇ ಬರೆಯಲ್ಲಮ್ಮ, ಇನ್ನು ಗೋಡೆ ಮೇಲೆಲ್ಲಿ?’

‘ತಾಯಿಗೆ ಮಡಿ ಗಿಡಿ ಇದೆಯಾ? ನೀರು ಜಾಸ್ತಿ ಹೋಗುತ್ತೆ ನೋಡಿ, ಅದಕ್ಕೆ ಕೇಳಿದೆ. ನೆಂಟರಿಷ್ಟರು?’

‘ದಾವಣಗೆರೆಯೋರು ನಾವು. ನೆಂಟರು ಬರದಿದ್ರೆ ನಮಗೇ ಬೇಜಾರು.’

ಓನರಮ್ಮ ಕೈಯಲ್ಲಿದ್ದ ದಂಟನ್ನು ಮೊರದಲ್ಲಿಟ್ಟು ತಲೆಯೆತ್ತಿ ನೋಡಿದರು. ಮುಖ್ಯ ಪ್ರಶ್ನೆ ಈಗ ಬರುತ್ತದೆ ಎಂದು ನನಗೆ ಗೊತ್ತಾಯಿತು. ‘ಮನೆದೇವರು ಯಾವುದು?’

ಜಾತಿಯನ್ನು ನೇರವಾಗಿ ಕೇಳುವುದು ಒರಟುತನ ಎಂದು ನಮ್ಮವರಿಗೆ ಗೊತ್ತಿದೆ. ಅದಕ್ಕೇ ದೇವರನ್ನು ನಡುವೆ ತರುತ್ತಾರೆ. ಷಡ್ಡಕರು ‘ಸವದತ್ತಿ ಎಲ್ಲಮ್ಮ’ ಎಂದರು. ಎಲ್ಲಮ್ಮನಿಗೆ ಎಲ್ಲ ಜಾತಿಯವರೂ ಒಕ್ಕಲು, ಅದರಿಂದ ಯಾವ ಸುಳಿವೂ ಹತ್ತಲಿಲ್ಲ. ‘ನಾನ್‌ವೆಜ್ ಮಾಡ್ತೀರಾ?’, ‘ನಿಮ್ಮ ತಂದೆ ಹೆಸರೇನು?’ ಎಂದು ತನಿಖೆ ಮುಂದುವರಿಯಿತು. ನಮಗೇನೋ ಇದು ಮನೆಗೆ ಬಂದು ನಗುವ ವಿಷಯವಾಯಿತು. ಹೆಸರು ಹೇಳಿದ ಕೂಡಲೇ ‘ಈಗಷ್ಟೇ ಬೇರೆಯವರು ಅಡ್ವಾನ್ಸ್ ಕೊಟ್ಟು ಹೋದರು’ ಎನ್ನಿಸಿಕೊಳ್ಳುವ ದಲಿತರಿಗೂ ಮುಸ್ಲಿಮರಿಗೂ ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಹಾಗೆ ಅಡ್ವಾನ್ಸ್ ಬಂದ ಮನೆಯ ಬೋರ್ಡು ಮಾರನೆಯ ತಿಂಗಳೂ ಅದೇ ಗೇಟಿನಲ್ಲಿ ನೇತಾಡುತ್ತಿರುತ್ತದೆ.

ಅಡ್ವಾನ್ಸ್ ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಇಡುವುದು ಬೆಂಗಳೂರಿನ ಹಳೇ ಪದ್ಧತಿ. ಈಗ ಕೆಲವು ಕಡೆ ಐದಾರಕ್ಕೆ ಇಳಿದಿದೆ, ಓನರಿಗೆ ಒಳ್ಳೆಯ ಮೂಡು ಇದ್ದರೆ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಾಗ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳಕೂಡದು ಎಂದು ಅದರಲ್ಲಿತ್ತು. ಆದರೆ ಮಾದರಿ ಎಂದರೆ ಮಾದರಿಯೇ. ರಾಜ್ಯಗಳು ಮನಸ್ಸು ಮಾಡಿ ತಮ್ಮದಾಗಿಸಿಕೊಂಡರೆ ಮಾತ್ರ ಜೀವ. ನಾನು ಇದನ್ನು ಓನರೊಬ್ಬರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ‘ಹಾಗಾದ್ರೆ ದೆಹಲಿಯಲ್ಲೇ ಮನೆ ನೋಡ್ಕೊಳ್ಳಿ ಸಾರ್’ ಎಂದರು. ನಮ್ಮದೇ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆಯಲ್ಲ ಎಂದರೆ, ಬೆಂಗಳೂರಿನಂಥ ಊರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಯ ತಂಟೆಗೆ ಅದು ಬರುವುದೇ ಇಲ್ಲ. 3,500ಕ್ಕೆ ಈಗ ಸಿಗುವುದು ಸ್ಕೂಟರು ನಿಲ್ಲಿಸುವ ಜಾಗ, ಅದೂ ಮಳೆಯಲ್ಲಿ ನೆನೆಯುವಂಥದ್ದು.

ಷಡ್ಡಕರು ಕಾಗದ ಪೆನ್ನು ಹಿಡಿದು ಕೂತರು. ಅಡ್ವಾನ್ಸ್ ಒಂದೂವರೆ ಲಕ್ಷ, ಮೊದಲ ತಿಂಗಳ ಬಾಡಿಗೆ ಹದಿನೈದು ಸಾವಿರ, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಲಾರಿಗೆ ಬೇರೆ. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ, ಗೋಡೆಗೆ ನೀವು ಮೊಳೆ ಹೊಡೆಯದಿದ್ದರೂ ಸರಿಯೇ. ‘ಅಲ್ರೀ, ಕೆಲಸಕ್ಕೆ ಸೇರೋದು ಸಂಬಳಕ್ಕೆ ಅಂತ ಅಂದ್ಕೊಂಡಿದ್ದೆ’ ಎಂದರು.

ಬ್ರೋಕರ್ ಆಗ ಇನ್ನೊಂದು ದಾರಿ ತೋರಿಸಿದ: ಭೋಗ್ಯ. ಎಂಟೋ ಹತ್ತೋ ಲಕ್ಷ ಒಟ್ಟಿಗೆ ಕೊಟ್ಟರೆ ಮೂರು ವರ್ಷ ಬಾಡಿಗೆಯಿಲ್ಲ, ಬಿಡುವಾಗ ಅಷ್ಟೂ ವಾಪಸ್. ಕೇಳಲು ಸ್ವರ್ಗ. ಆದರೆ ಓನರು ಅದೇ ಮನೆ ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ಎತ್ತಿ ಕಟ್ಟದೆ ಕೂತಿದ್ದರೆ, ಒಂದು ದಿನ ಬಾಗಿಲಿಗೆ ಬ್ಯಾಂಕಿನ ನೋಟಿಸು ಅಂಟಿರುತ್ತದೆ, ನಿಮ್ಮ ಹತ್ತು ಲಕ್ಷ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಭೋಗ್ಯಕ್ಕೆ ಹೋಗುವವರು ಮೊದಲು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಬೇಕು, ಕರಾರನ್ನು ನೋಂದಾಯಿಸಬೇಕು. ಬೆಂಗಳೂರಿನ ಬಾಡಿಗೆದಾರನಿಗೆ ಹೀಗೆ ಎರಡು ಕಾವೇರಿ ಬೇಕು, ಕಂಪ್ಯೂಟರಿನಲ್ಲೊಂದು, ನಲ್ಲಿಯಲ್ಲೊಂದು.

ನಲ್ಲಿಯ ಕಾವೇರಿ ವಿಷಯದಲ್ಲಿ ಓನರುಗಳು ಬಹಳ ಜಾಣರು. ‘ಕಾವೇರಿ ಇದೆಯಾ?’ ಎಂದರೆ ‘ಕನೆಕ್ಷನ್ ಇದೆ’ ಎನ್ನುತ್ತಾರೆ. ನೀರು ಬರುತ್ತದೆಯೇ ಎಂದು ನೀವು ಬೇರೆಯಾಗಿ ಕೇಳಬೇಕು, ಯಾವ ದಿನ ಎಂದು ಇನ್ನೊಮ್ಮೆ ಕೇಳಬೇಕು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಒಣಗಿ ಟ್ಯಾಂಕರಿಗೆ ಸಾಲು ಹಚ್ಚಿದ್ದನ್ನು ಕಂಡವರು ಮೊದಲು ಸಂಪಿನ ಮುಚ್ಚಳ ತೆಗೆಸಿ ನೋಡುತ್ತಾರೆ, ಆಮೇಲೆ ಅಡುಗೆಮನೆ. ಕರೆಂಟಿನದೂ ಅದೇ ಕತೆ. ಗೃಹಜ್ಯೋತಿಯ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ತು ಬಾಡಿಗೆದಾರರಿಗೂ ಇದೆ. ಆದರೆ ಹಳೇ ಬಾಡಿಗೆದಾರನ ಆಧಾರ್ ಆ ಮೀಟರಿಗೇ ಅಂಟಿಕೊಂಡಿದ್ದರೆ ಮೊದಲು ಅದನ್ನು ಬಿಡಿಸಬೇಕು. ಮೂರು ಪೋರ್ಷನ್‌ಗೆ ಒಂದೇ ಮೀಟರಿಟ್ಟು ಯೂನಿಟ್ ಲೆಕ್ಕದಲ್ಲಿ ದುಡ್ಡು ಕೇಳುವ ಓನರಿದ್ದರೆ ಜ್ಯೋತಿ ಅವರ ಮನೆಯಲ್ಲೇ ಉರಿಯುತ್ತದೆ.

ಇನ್ನು ಪಾನ್ ಕಾರ್ಡು. ಹಳೇ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಗೆ ವಿನಾಯಿತಿ ಬೇಕಾದವರು, ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ, ಓನರಿನ ಪಾನ್ ಕೊಡಬೇಕು. ನಮ್ಮ ಮನೆದೇವರು, ತಂದೆಯ ಹೆಸರು, ಅಡುಗೆಯ ಮೆನು ಎಲ್ಲ ಕೇಳಿ ತಿಳಿದುಕೊಂಡವರು, ಪಾನ್ ಎಂದ ಕೂಡಲೇ ‘ಅದೆಲ್ಲ ಪರ್ಸನಲ್ಲು’ ಎಂದುಬಿಟ್ಟರು!

ನಾನು ಕೊನೆಗೆ ಒಂದು ಉಪಾಯ ಹೇಳಿದೆ. ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ, ಖಾಲಿ ಬಿದ್ದ ಮನೆ ನೋಡುತ್ತಾ ಓನರು ತಾನೇ ಮೆತ್ತಗಾಗುತ್ತಾನೆ, ಆಗ ಚೌಕಾಸಿ ಮಾಡಿ ಎಂದು. ಆದರೆ ಶಾಲೆಗಳು ಮೇ ಕೊನೆಗೇ ಬಾಗಿಲು ತೆರೆಯುತ್ತವೆ. ಮಕ್ಕಳಿರುವವರೆಲ್ಲ ಒಟ್ಟಿಗೆ ಬೀದಿಗಿಳಿಯುವುದೂ, ಬಾಡಿಗೆ ನೆತ್ತಿಗೇರುವುದೂ ಆಗಲೇ. ಆಷಾಢದ ಲಾಭ ಸಲ್ಲುವುದು ಬ್ರಹ್ಮಚಾರಿಗಳಿಗೆ. ಅವರಿಗೆ ಮನೆ ಕೊಡುವುದಿಲ್ಲ! ಷಡ್ಡಕರ ತಾಯಿಯಂತೂ ‘ಆಷಾಢದಾಗೆ ಹಾಲುಕ್ಕಿಸಾಕೆ ನಾನು ಬರಂಗಿಲ್ಲ’ ಎಂದು ಪಟ್ಟು ಹಿಡಿದರು. ಸರಿ, ಆಷಾಢ ಕಾಲಿಡುವ ಮೊದಲೇ ಮಾದಾವರದ ಕಡೆ ಒಂದು ಖಾಲಿ ಮನೆಯಲ್ಲಿ ಸ್ಟೌ ಇಟ್ಟು ಹಾಲುಕ್ಕಿಸಿದ್ದಾಯಿತು. ಸಾಮಾನು ಬಂದದ್ದು ಆಮೇಲೆ, ಬಾಡಿಗೆ ಮಾತ್ರ ಹಾಲು ಉಕ್ಕಿದ ದಿನದಿಂದಲೇ ಶುರು.

ಮಾದಾವರಕ್ಕೆ 2024ರ ನವೆಂಬರ್‌ನಲ್ಲೇ ಮೆಟ್ರೋ ಬಂದಿತ್ತು. ‘ಮೆಟ್ರೋ ಬಂತಲ್ಲ’ ಎಂದು ಓನರು ಆಗಲೇ ಬಾಡಿಗೆ ಏರಿಸಿದ್ದ. ಮರುವರ್ಷದ ಫೆಬ್ರುವರಿಯಲ್ಲಿ ಮೆಟ್ರೋದ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿಗೆ ಏರಿದಾಗ ಮಾತ್ರ ಬಾಡಿಗೆ ಇಳಿಸುವುದು ಯಾರಿಗೂ ಹೊಳೆಯಲಿಲ್ಲ.

ವರ್ಷ ಮೀರಿದ ಕರಾರಿಗೆ 1908ರ ಕಾಯ್ದೆಯ ಪ್ರಕಾರ ನೋಂದಣಿ ಬೇಕಾಗುತ್ತದೆಂದು ಎಲ್ಲರೂ ಹನ್ನೊಂದು ತಿಂಗಳಿಗೇ ಬರೆಸುತ್ತಾರಲ್ಲ, ಷಡ್ಡಕರ ಹನ್ನೊಂದು ಈಗ ಮುಗಿಯುತ್ತಾ ಬಂದಿದೆ. ಓನರು ಶೇಕಡಾ ಹತ್ತು ಏರಿಸುತ್ತಾನಂತೆ. ಪೀಣ್ಯಕ್ಕೆ ಅರ್ಧ ಗಂಟೆಯೊಳಗೆ, ಸಂಪಿನಲ್ಲಿ ನೀರು, ಬೇರೆ ಮೀಟರು, ಹದಿನೈದು ಸಾವಿರದ ಸುತ್ತಮುತ್ತ ಯಾವುದಾದರೂ ಮನೆ ನಿಮ್ಮ ಬೀದಿಯಲ್ಲಿ ಖಾಲಿ ಕಂಡರೆ ದಯವಿಟ್ಟು ತಿಳಿಸಿ. ಬ್ರೋಕರ್‌ಗಳು ಸಂಪರ್ಕಿಸುವ ಅಗತ್ಯವಿಲ್ಲ.