ಆಟ ಬಾಡಿಗೆಗೆ ಕೊಡಿ, ಕಂಪ್ಯೂಟರ್ ನಮ್ಮ ಮನೆಯಲ್ಲೇ ಇರಲಿ

ಕ್ಲೌಡ್ ಗೇಮಿಂಗ್ ಸೇವೆ ನಡೆಸುವ ಕಂಪನಿಗಳ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಗೇಮಿಂಗ್ ಕಂಪ್ಯೂಟರ್ ಕೊಳ್ಳುವ ಕಾಲ ಮುಗಿಯಿತು, ಇನ್ನು ತಿಂಗಳಿಗಿಷ್ಟು ಅಂತ ಚಂದಾ ಕಟ್ಟಿ ನಮ್ಮ ಸರ್ವರಿನಲ್ಲೇ ಆಡಿಕೊಳ್ಳಿ ಎಂದು ನೀವು ಹದಿನೈದು ವರ್ಷಗಳಿಂದ ಹೇಳುತ್ತ ಬಂದಿದ್ದೀರಿ. ಅದಕ್ಕೆ ಉತ್ತರವಾಗಿ ಈ ಪತ್ರ. ನಿಮ್ಮ ಸೇವೆ ಬೇಡ ಎನ್ನುವುದಕ್ಕಲ್ಲ; ಅದು ಯಾರಿಗೆ ಸಾಕು, ಎಲ್ಲಿ ಸಾಲದು ಎಂದು ಹೇಳುವುದಕ್ಕೆ.

ಸಾಕಾಗುವ ಕಡೆಯಿಂದಲೇ ಶುರು ಮಾಡುತ್ತೇನೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಒಂದಕ್ಕೇ ಅರ್ಧ ಲಕ್ಷ ದಾಟುವ ಕಾಲದಲ್ಲಿ, ಹಾಸ್ಟೆಲ್ಲಿನಲ್ಲಿರುವ ಹುಡುಗಿಯೊಬ್ಬಳು ಕಾಲೇಜಿಗೆಂದು ಕೊಡಿಸಿದ ಸಾದಾ ಲ್ಯಾಪ್‌ಟಾಪಿನಲ್ಲಿ ಸೈಬರ್‌ಪಂಕ್ 2077 ಆಡಬಹುದು ಅಂದರೆ ಅದು ದೊಡ್ಡ ಸಂಗತಿ. ಎನ್ವಿಡಿಯಾದ ಜಿಫೋರ್ಸ್ ನೌ ಸೇವೆಯಲ್ಲಿ, ಸ್ಟೀಮ್‌ನಲ್ಲಿ ನಾವಾಗಲೇ ಕೊಂಡ ಆಟವನ್ನೇ ಆಡುವ ಏರ್ಪಾಡಿದೆ; ಚಂದಾ ನಿಲ್ಲಿಸಿದರೂ ಆಟ ನಮ್ಮ ಖಾತೆಯಲ್ಲಿ ಉಳಿಯುತ್ತದೆ. ಇದು ನ್ಯಾಯವಾದ ರೀತಿ. ವರ್ಷಕ್ಕೊಂದೋ ಎರಡೋ ಆಟ ಆಡುವವರಿಗೆ, ಮನೆಗೆ ಒಳ್ಳೆಯ ಫೈಬರ್ ಲೈನ್ ಬಂದಿರುವವರಿಗೆ, ಲಕ್ಷ ಸುರಿದು ಕಂಪ್ಯೂಟರ್ ಕಟ್ಟಿಸಿಕೊಳ್ಳಿ ಎಂದು ನಾನು ಹೇಳಲಾರೆ.

ಆದರೆ ಆ ಲೈನ್ ಎಲ್ಲರ ಮನೆಗೂ ಬಂದಿಲ್ಲ. 1080ಪಿ ಚಿತ್ರ ಸೆಕೆಂಡಿಗೆ 60 ಫ್ರೇಮ್ ಬರಬೇಕಾದರೆ 25 ಎಂಬಿಪಿಎಸ್ ವೇಗ ಬೇಕೆಂದು ಎನ್ವಿಡಿಯಾವೇ ಹೇಳುತ್ತದೆ. ಅಷ್ಟನ್ನೂ ಬಳಸಿದರೆ ಗಂಟೆಗೆ ಸುಮಾರು 11 ಜಿಬಿ. ದಿನಕ್ಕೆ 2 ಜಿಬಿ ಮೊಬೈಲ್ ಪ್ಯಾಕ್ ನಂಬಿಕೊಂಡವರು ಹತ್ತು ನಿಮಿಷ ಆಡುವಷ್ಟರಲ್ಲಿ ಅಂದಿನ ಡೇಟಾ ಮುಗಿದಿರುತ್ತದೆ. ಮಲೆನಾಡಿನಲ್ಲಿ ಒಂದು ಮರ ಕೇಬಲ್ ಮೇಲೆ ಬಿದ್ದರೆ ನೆಟ್ ಮರಳಿ ಬರುವುದಕ್ಕೆ ಎರಡು ದಿನವೂ ಆಗಬಹುದು. ಆಗಲೂ ಕರೆಂಟೊಂದಿದ್ದರೆ ಸ್ವಂತ ಕಂಪ್ಯೂಟರಿನಲ್ಲಿ ಆಟ ಮುಂದುವರಿಯುತ್ತದೆ, ನಿಮ್ಮದು ಮುಂದುವರಿಯುವುದಿಲ್ಲ.

ಲೈನ್ ಎಷ್ಟೇ ಚೆನ್ನಾಗಿದ್ದರೂ ದೂರ ದೂರವೇ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡ್. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರ್ ಸಾವಿರ ಕಿಲೋಮೀಟರ್ ಆಚೆ ಇದ್ದರೆ ಹೋಗಿ ಬರುವುದಕ್ಕೇ 10 ಮಿಲಿಸೆಕೆಂಡ್ ಖರ್ಚು. ದಾರಿಯ ರೂಟರುಗಳು, ಅಲ್ಲಿ ಚಿತ್ರವನ್ನು ಕುಗ್ಗಿಸಿ ಕಳಿಸುವ ಕೆಲಸ, ಇಲ್ಲಿ ಅದನ್ನು ಬಿಡಿಸಿ ತೋರಿಸುವ ಕೆಲಸ, ಎಲ್ಲಕ್ಕೂ ಇನ್ನಷ್ಟು ಹೊತ್ತು ಬೇಕು. ಕಥೆಯ ಆಟದಲ್ಲಿ ಕುದುರೆ ಓಡಿಸುವಾಗ ಇದು ಗೊತ್ತಾಗದು. ಕೌಂಟರ್-ಸ್ಟ್ರೈಕ್‌ನಲ್ಲಿ ಮೂಲೆ ತಿರುಗಿ ಎದುರಾಳಿ ಕಂಡ ಕ್ಷಣ ಗೊತ್ತಾಗುತ್ತದೆ.

ಇವೆಲ್ಲ ಒಂದಲ್ಲ ಒಂದು ದಿನ ಸರಿಹೋಗಬಹುದು. ನನ್ನ ತಕರಾರು ಬೇರೆ.

ಆನ್‌ಲೈವ್ ಎಂಬ ಸೇವೆ 2010ರ ಜೂನ್‌ನಲ್ಲಿ ಅಮೆರಿಕದಲ್ಲಿ ಶುರುವಾಯಿತು. 2015ರ ಏಪ್ರಿಲ್ ಕೊನೆಗೆ ಬಾಗಿಲು ಹಾಕಿತು. ಗೂಗಲ್‌ನ ಸ್ಟೇಡಿಯಾ 2019ರ ನವೆಂಬರ್‌ನಲ್ಲಿ 14 ದೇಶಗಳಲ್ಲಿ ಬಂತು. ಅಲ್ಲಿ ಚಂದಾ ಒಂದೇ ಅಲ್ಲ, ಬಹಳಷ್ಟು ಆಟಗಳನ್ನು ಪೂರ್ತಿ ಬೆಲೆ ಕೊಟ್ಟು ಕೊಳ್ಳಬೇಕಿತ್ತು, ಕೊಂಡಮೇಲೂ ಅವು ಸ್ಟೇಡಿಯಾದ ಹೊರಗೆ ಓಡುತ್ತಿರಲಿಲ್ಲ. 2023ರ ಜನವರಿ 18ಕ್ಕೆ ಅದೂ ನಿಂತಿತು. ಆಟಗಳ ಮತ್ತು ಕಂಟ್ರೋಲರುಗಳ ದುಡ್ಡನ್ನು ಗೂಗಲ್ ಹಿಂತಿರುಗಿಸಿತು. ಅದು ಮರ್ಯಾದೆಯ ನಡೆ, ಒಪ್ಪುತ್ತೇನೆ. ಆದರೆ ರೆಡ್ ಡೆಡ್ ಆನ್‌ಲೈನ್‌ನಲ್ಲಿ ಸುಮಾರು 6000 ಗಂಟೆ ಕಳೆದಿದ್ದ ಆಟಗಾರನೊಬ್ಬ, ನನ್ನ ಪಾತ್ರವನ್ನು ಬೇರೆ ಕಡೆಗೆ ಸಾಗಿಸಿಕೊಡಿ ಎಂದು ಆಟದ ಕಂಪನಿಯನ್ನು ಎಲ್ಲರ ಮುಂದೆ ಬೇಡಿಕೊಳ್ಳಬೇಕಾಯಿತು. ತಾನೇ ಆಡಿ ಬೆಳೆಸಿದ್ದಕ್ಕೆ ಯಾರೂ ಹಾಗೆ ಕೈಚಾಚಬಾರದು.

ಕಂಪ್ಯೂಟರ್ ಮನೆಯಲ್ಲಿದ್ದ ಮಾತ್ರಕ್ಕೆ ಎಲ್ಲ ಭದ್ರ ಎಂದೂ ನಾನು ಹೇಳುತ್ತಿಲ್ಲ. ಯೂಬಿಸಾಫ್ಟ್ 2014ರಲ್ಲಿ ಮಾರಿದ ‘ದಿ ಕ್ರೂ’ ಆಟದ ಸರ್ವರುಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿತು. ದುಡ್ಡು ಕೊಟ್ಟು ಕೊಂಡವರು ಒಬ್ಬರೇ ಕೂತು ಆಡುವುದಕ್ಕೂ ಆಗದಂತಾಯಿತು. ಅದರ ಸಿಟ್ಟಿನಿಂದಲೇ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಹುಟ್ಟಿತು, ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಡೌನ್‌ಲೋಡ್ ಮಾಡಿಕೊಂಡ ಆಟದ ಗತಿಯೇ ಹೀಗಾದರೆ, ನಮ್ಮ ಹಾರ್ಡ್ ಡಿಸ್ಕಿಗೆ ಒಂದು ಫೈಲೂ ಇಳಿಯದ ಆಟದ ಗತಿಯೇನು? ಬಾಡಿಗೆ ಮನೆ ಬಿಡಿಸುವಾಗಲೂ ನೋಟಿಸು ಕೊಡುತ್ತಾರೆ, ನಮ್ಮ ಸಾಮಾನು ಹೊತ್ತೊಯ್ಯಲು ಬಿಡುತ್ತಾರೆ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಹತ್ತಿರದ್ದು. ಬೆಂಗಳೂರಿನ ಎಸ್.ಪಿ. ರೋಡಿಗೆ ಒಂದು ಶನಿವಾರ ಬನ್ನಿ. ಕೈಯಲ್ಲಿ ಚೀಟಿ ಹಿಡಿದ ಹುಡುಗರು ಮದರ್‌ಬೋರ್ಡಿಗೆ ಒಂದಂಗಡಿ, ಎಸ್‌ಎಂಪಿಎಸ್‌ಗೆ ಇನ್ನೊಂದಂಗಡಿ ಎಂದು ಅಲೆಯುತ್ತಿರುತ್ತಾರೆ. ಕಂಪ್ಯೂಟರ್ ಆನ್ ಆಗದೆ ಬೀಪ್ ಬೀಪ್ ಅಂದರೆ ಏನು ಮಾಡಬೇಕೆಂದು ಅವರಿಗೆ ಗೊತ್ತು. ಸೈಡ್ ಪ್ಯಾನೆಲ್ ಬಿಚ್ಚಿ, ರ‍್ಯಾಮ್‌ನ ಎರಡೂ ತುದಿಯ ಲಾಕ್ ಒತ್ತಿ ಅದನ್ನು ಹೊರತೆಗೆದು, ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಊದಿ, ಮತ್ತೆ ‘ಟಕ್’ ಅನ್ನುವವರೆಗೆ ಒತ್ತಿ ಕೂರಿಸುತ್ತಾರೆ. ಪರದೆ ಬೆಳಗುತ್ತದೆ. ಹದಿನಾಲ್ಕರ ಹುಡುಗನಿಗೆ ಯಂತ್ರದ ಭಯ ಬಿಟ್ಟುಹೋಗುವುದು ಆ ಹೊತ್ತಿನಲ್ಲಿ. ಆಟದ ಆಸೆಗೆ ಕಂಪ್ಯೂಟರ್ ಬಿಚ್ಚಿದವರು ಆಮೇಲೆ ಅದನ್ನೇ ಹೊಟ್ಟೆಪಾಡು ಮಾಡಿಕೊಂಡದ್ದನ್ನು ನಮ್ಮ ಊರುಗಳಲ್ಲಿ ಬೇಕಾದಷ್ಟು ನೋಡಿದ್ದೇನೆ.

ನಿಮ್ಮ ಸೇವೆಯಲ್ಲಿ ಬಿಚ್ಚುವುದಕ್ಕೆ ಏನೂ ಇಲ್ಲ. ನಮ್ಮ ಸೈಬರ್ ಸೆಂಟರುಗಳಲ್ಲಿ ಒಂದು ಪೀಳಿಗೆಯೇ ಗಂಟೆಗಿಷ್ಟು ಕೊಟ್ಟು ಆಡಿದ ಕೌಂಟರ್-ಸ್ಟ್ರೈಕ್ ಹುಟ್ಟಿದ್ದು ಯಾವ ಕಂಪನಿಯ ಯೋಜನೆಯಿಂದಲೂ ಅಲ್ಲ. 1999ರಲ್ಲಿ ಮಿನ್ ಲೀ, ಜೆಸ್ ಕ್ಲಿಫ್ ಎಂಬ ಇಬ್ಬರು ತರುಣರು ಹಾಫ್-ಲೈಫ್ ಆಟದ ಮೇಲೆ ಕಟ್ಟಿದ ಮಾಡ್ ಅದು. ಆಮೇಲೆ ವಾಲ್ವ್ ಕಂಪನಿ ಅದನ್ನು ತನ್ನದಾಗಿಸಿಕೊಂಡಿತು. ಡೋಟಾ ಹುಟ್ಟಿದ್ದೂ ಹಾಗೆಯೇ, ವಾರ್‌ಕ್ರಾಫ್ಟ್ 3ರೊಳಗೆ. ಆ ಆಟಗಳ ಫೈಲುಗಳು ಅವರ ಕೈಗೆ ಸಿಗುವಂತಿದ್ದವು, ಅದಕ್ಕೇ ಇವು ಹುಟ್ಟಿದವು. ಬರೀ ಚಿತ್ರ ಕಳಿಸುವ ಸರ್ವರಿನಿಂದ ಮುಂದಿನ ಕೌಂಟರ್-ಸ್ಟ್ರೈಕ್ ಹೇಗೆ ಬರುತ್ತದೆ? ಅದನ್ನು ಮಾಡಬೇಕಾದವರು ಹಾಸನದಲ್ಲೋ ರಾಯಚೂರಿನಲ್ಲೋ ಇರಬಹುದು. ಅವರ ಕೈಗೆ ನೀವು ಕೊಡುತ್ತಿರುವುದು ಕಂಟ್ರೋಲರ್ ಒಂದೇ.

ಹಾಗಾದರೆ ಸ್ವಂತ ಕಂಪ್ಯೂಟರ್ ಕೊಳ್ಳಿ, ಬೇಡ ಎಂದವರು ಯಾರು ಎನ್ನುತ್ತೀರಿ. ಕೊಳ್ಳುವುದೇ ಕಷ್ಟವಾಗುತ್ತಿದೆ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ದುಪ್ಪಟ್ಟನ್ನೂ ಮೀರಿತು. ಎಐ ಡೇಟಾ ಸೆಂಟರುಗಳು ಮೆಮರಿ ಚಿಪ್ಪುಗಳನ್ನು ಸಗಟಾಗಿ ಕೊಳ್ಳುತ್ತಿರುವುದೇ ಕಾರಣ. ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ರ‍್ಯಾಮ್, ಎಸ್‌ಎಸ್‌ಡಿಗಳನ್ನು ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನೇ ನಿಲ್ಲಿಸುವುದಾಗಿ ಹೇಳಿತು. ಆ ಡೇಟಾ ಸೆಂಟರುಗಳನ್ನು ಕಟ್ಟುತ್ತಿರುವವರಲ್ಲಿ, ಅವಕ್ಕೆ ಚಿಪ್ ಮಾರುತ್ತಿರುವವರಲ್ಲಿ ನಿಮ್ಮಲ್ಲಿನ ದೊಡ್ಡವರೂ ಇದ್ದೀರಿ. ನಮ್ಮ ಕೈಗೆ ಎಟುಕದಂತಾದ ಯಂತ್ರವನ್ನೇ ನಮಗೆ ತಿಂಗಳ ಬಾಡಿಗೆಗೆ ಕೊಡಲು ಬರುವಾಗ, ಬಾಡಿಗೆ ಏರದು ಎಂಬ ಭರವಸೆ ನಮಗೇನಿದೆ? ಜಿಫೋರ್ಸ್ ನೌ ಚಂದಾದಾರರಿಗೆ ತಿಂಗಳಿಗೆ 100 ಗಂಟೆಯ ಮಿತಿ ಈಗಾಗಲೇ ಬಂದಿದೆ. ಹೆಚ್ಚಿನವರಿಗೆ ಅಷ್ಟು ಸಾಕು, ನಿಜ. ಆದರೆ ಮಿತಿ ಹಾಕುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಅದರಿಂದ ತಿಳಿಯುತ್ತದೆ.

ಹೀಗಾಗಿ ಕೇಳಿಕೊಳ್ಳುತ್ತಿದ್ದೇನೆ. ಬಾಡಿಗೆಯನ್ನು ಬಾಡಿಗೆ ಎಂದೇ ಕರೆಯಿರಿ. ಬರೀ ಲೈಸೆನ್ಸ್ ಕೊಟ್ಟು ‘ಬೈ’ ಎಂಬ ಬಟನ್ ತೋರಿಸುವವರು ಅದನ್ನು ಸ್ಪಷ್ಟವಾಗಿ ಹೇಳಲೇಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಯಲ್ಲಿದೆ. ಇಲ್ಲಿ ಕಾನೂನು ಬರುವವರೆಗೆ ಕಾಯದೆ ಅದನ್ನು ಇಲ್ಲೂ ಪಾಲಿಸಿ. ನಿಮ್ಮಲ್ಲಿ ಮಾರಿದ ಆಟ ನಮ್ಮ ಕಂಪ್ಯೂಟರಿನಲ್ಲೂ ಓಡುವಂತಿರಲಿ. ಗ್ರಾಫಿಕ್ಸ್ ಕಾರ್ಡು, ರ‍್ಯಾಮುಗಳನ್ನು ಬಿಡಿಬಿಡಿಯಾಗಿ ಅಂಗಡಿಗೆ ಕಳಿಸುವುದನ್ನು ನಿಲ್ಲಿಸಬೇಡಿ, ಎಸ್.ಪಿ. ರೋಡಿನ ಆ ಹುಡುಗರು ನಿಮ್ಮ ಗ್ರಾಹಕರೇ, ನಾಳೆ ನಿಮ್ಮ ಎಂಜಿನಿಯರುಗಳೂ ಅವರೇ.

ಈ ಪತ್ರಕ್ಕೆ ಉತ್ತರ ಬರೆಯುವುದಾದರೆ ಎಲ್ಲಕ್ಕಿಂತ ಮೊದಲು ಇದನ್ನು ತಿಳಿಸಿ: ನೀವು ಸೇವೆ ನಿಲ್ಲಿಸಿದ ದಿನ ನನ್ನ ಸೇವ್ ಫೈಲುಗಳು ನನಗೆ ಯಾವ ರೂಪದಲ್ಲಿ, ಎಷ್ಟು ದಿನದೊಳಗೆ ಸಿಗುತ್ತವೆ?

ಇಂತಿ,
ನಿಮ್ಮ ಗ್ರಾಹಕ